ಕೋವಿಗೆ ಹೊಸ ಮರ ಹಾಕಿಸುವ ಮುನ್ನ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿ ಒಂದು ಮನೆಯಲ್ಲಿದ್ದರೆ ಅದು ಬಹುಮಟ್ಟಿಗೆ ತಾತನ ಕಾಲದ್ದು. ಕೇಪಿನ ಕೋವಿ ಇರಬಹುದು, ಒಂಟಿ ನಳಿಗೆಯ ತೋಟಾಕೋವಿ ಇರಬಹುದು, ಅಪರೂಪಕ್ಕೆ ಸರಕಾರಿ ಆರ್ಡ್ನೆನ್ಸ್ ಕಾರ್ಖಾನೆಯ .315 ರೈಫಲ್ ಇರಬಹುದು. ತಾತನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಪರವಾನಗಿ ವರ್ಗವಾಗುವ ಹೊತ್ತಿಗೆ ಅದರ ಮರ ಕಪ್ಪಾಗಿ, ಕಿರುಸೀಳು ಬಿಟ್ಟಿರುತ್ತದೆ. ಆಗ ಬಲ್ಲವರು ಕೊಡುವ ಸಲಹೆ ಒಂದೇ: ಹಳೆಯ ಮರ ಕಿತ್ತುಹಾಕಿ ಹೊಸ ಸ್ಟಾಕ್ ಕೂಡಿಸು; ಬೀಟೆ ಸಿಕ್ಕರೆ ಬೀಟೆ, ಇಲ್ಲವಾದರೆ ಫೈಬರ್. ಹೀಗೆ ಹೇಳುವವರ ಅನುಭವದ ಬಗ್ಗೆ ನನಗೆ ಗೌರವವಿದೆ. ಆದರೂ ಅವರ ಮಾತನ್ನು ಒಪ್ಪಲಾರೆ. ಇಂಥ ಕೋವಿಗಳಲ್ಲಿ ಬದಲಾಗಬೇಕಾದದ್ದು ಹೆಚ್ಚಾಗಿ ಮರವಲ್ಲ, ಅದರ ಅಳತೆ.

ಸ್ಟಾಕ್ ವಿಚಾರ ಎತ್ತಿದೊಡನೆ ಇದು ಬೇಟೆಯ ಶೋಕಿ ಎಂದು ತಳ್ಳಿಹಾಕುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಮೋಜಿನ ಬೇಟೆಗೆ ಜಾಗವಿಲ್ಲ, ಇರಲೂಬಾರದು. ಬೆಳೆಗೆ ನುಗ್ಗುವ ಹಂದಿಯ ವಿಷಯದಲ್ಲೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಆದರೆ ಆ ಅನುಮತಿ ಸಿಕ್ಕ ಕೋವಿ ಹೊಡೆಯುವವನ ಮೈಗೆ ಒಗ್ಗದಿದ್ದರೆ ಗುಂಡು ಹೊಟ್ಟೆಗೆ ತಾಗುತ್ತದೆ. ಗಾಯಗೊಂಡ ಹಂದಿ ಪೊದೆ ಸೇರಿ ದಿನಗಟ್ಟಲೆ ನರಳುತ್ತದೆ, ಇಲ್ಲವೇ ಬೆಳಗ್ಗೆ ಹೊಲಕ್ಕೆ ಹೋದವರ ಮೇಲೆ ಎರಗುತ್ತದೆ. ಕೋವಿ ಹಿಡಿಯುವ ಪ್ರಸಂಗ ಬಂದೇ ಬಂದರೆ ಅದು ಹಿಡಿದವನ ಅಳತೆಗೆ ಸರಿಯಾಗಿರಬೇಕು ಎಂಬುದರಲ್ಲಿ ಶೋಕಿಯೇನೂ ಇಲ್ಲ.

ಮತ್ತೋಡಿನವರಿಗೆ ಅಳತೆಯ ಮಹತ್ವ ಹೊಸದಾಗಿ ಹೇಳಬೇಕಿಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಬಳೆಯ ಕಸುಬಿನ ಬಗ್ಗೆ ಬರೆದಿಟ್ಟಿದ್ದಾನೆ. ಬಳೆಗಾರ ಮೊದಲು ಕೈ ಒತ್ತಿ ನೋಡುತ್ತಾನೆ, ಬಣ್ಣದ ಮಾತು ಆಮೇಲೆ. ಕೋವಿಯ ವಿಷಯದಲ್ಲಿ ಮಾತ್ರ ನಾವು ಬಣ್ಣ, ಹೊಳಪು, ಮರದ ಜಾತಿಯಿಂದಲೇ ಶುರುಮಾಡುತ್ತೇವೆ.

ನೋಡಬೇಕಾದ ಅಳತೆ ಮುಖ್ಯವಾಗಿ ಎರಡು. ಒಂದು, ಕುದುರೆಯಿಂದ ಬಟ್ಟಿನ ಹಿಂಬದಿಯವರೆಗಿನ ಉದ್ದ. ಇನ್ನೊಂದು, ಕೆನ್ನೆ ಊರುವ ಭಾಗದ ಎತ್ತರ. ಕಾರ್ಖಾನೆಯ ರೈಫಲ್‌ಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ 13.5 ಇಂಚಿನ ಆಸುಪಾಸು. ಇದು ಸರಿಯಿದೆಯೇ ಎಂದು ನೋಡಲು ಬಟ್ಟನ್ನು ಮೊಣಕೈ ಮಡಿಕೆಗೆ ಇಟ್ಟು ಬೆರಳು ಕುದುರೆಗೆ ಎಟುಕುತ್ತದೆಯೇ ನೋಡುವ ರೂಢಿಯಿದೆ. ಅದನ್ನು ನಾನು ನಂಬುವುದಿಲ್ಲ. ಮುಂಗೈ ಉದ್ದ ಒಂದೇ ಇರುವ ಇಬ್ಬರ ಕತ್ತು, ಭುಜ, ಎದೆ ಬೇರೆ ಬೇರೆ ಇರುತ್ತವೆ. ಅದಕ್ಕಿಂತ ನೇರವಾದ ದಾರಿಯೊಂದಿದೆ. ಕೋವಿ ಖಾಲಿಯಿದೆ ಎಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡು, ಯಾರೂ ಇಲ್ಲದ ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ. ಕೆನ್ನೆ ಮರಕ್ಕೆ ಊರಿದ ಮೇಲೆ ಕಣ್ಣು ತೆರೆಯಿರಿ. ಕತ್ತು ಹೊರಳಿಸದೆಯೇ ಎರಡೂ ಸೈಟ್‌ಗಳು ಒಂದೇ ಸಾಲಿನಲ್ಲಿ ಕಂಡರೆ ಆ ಮರ ನಿಮ್ಮದು. ಕಾಣದಿದ್ದರೆ ಎಷ್ಟು ಬೆಲೆಯದಾದರೂ ನಿಮ್ಮದಲ್ಲ.

ಈ ಪರೀಕ್ಷೆಯನ್ನು ಅಂಗಿಯಲ್ಲಿ ಮಾಡಿದರೆ ಸಾಲದು. ನಮ್ಮ ಕಡೆ ಹೊಲ ಕಾಯುವುದು ರಾತ್ರಿ, ಅದೂ ಮಾಗಿಯ ಚಳಿಯಲ್ಲಿ, ಚಳ್ಳಕೆರೆಯ ಕಂಬಳಿ ಹೊದ್ದು. ಕಂಬಳಿಯ ಮಡಿಕೆ ಭುಜದ ಮೇಲೆ ಅರ್ಧ ಇಂಚಾದರೂ ದಪ್ಪವಾಗುತ್ತದೆ. ಹಗಲು ಸರಿಯೆನಿಸಿದ ಬಟ್ಟು ರಾತ್ರಿ ಉದ್ದವಾಗಿ, ಕಂಬಳಿಗೆ ಸಿಕ್ಕಿಕೊಂಡು ಭುಜದ ಬದಲು ತೋಳಿನ ಮೇಲೆ ಕೂರುತ್ತದೆ. ಗುಂಡು ಹಾರಿದಾಗ ಪೆಟ್ಟು ಅಲ್ಲಿಗೇ ಬೀಳುತ್ತದೆ. ಒಮ್ಮೆ ಹಾಗೆ ಪೆಟ್ಟು ತಿಂದವರು ಮುಂದಿನ ಸಲ ಕುದುರೆ ಎಳೆಯುವಾಗ ಕಣ್ಣು ಮುಚ್ಚುತ್ತಾರೆ.

ಅರ್ಧ ಇಂಚು ದೊಡ್ಡ ಮಾತೇ ಎಂದು ಕೇಳುವವರು ತ್ರೀ ನಾಟ್ ತ್ರೀಯನ್ನು ನೆನೆಯಬೇಕು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ ಆ ಲೀ-ಎನ್‌ಫೀಲ್ಡ್ ರೈಫಲ್‌ಗೆ ಬ್ರಿಟಿಷ್ ಸೇನೆ ನಾಲ್ಕು ಅಳತೆಯ ಬಟ್ಟು ಮಾಡಿಸಿತ್ತು: ಲಾಂಗ್, ನಾರ್ಮಲ್, ಶಾರ್ಟ್, ಬ್ಯಾಂಟಮ್. ಒಂದಕ್ಕೂ ಇನ್ನೊಂದಕ್ಕೂ ಅಂತರ ಅರ್ಧ ಇಂಚು. ಲಕ್ಷಾಂತರ ಸಿಪಾಯಿಗಳಿಗೆ ಒಂದೇ ಬಂದೂಕು ಹಂಚಿದ ಸೇನೆಯೇ ಮೈಕಟ್ಟಿಗೆ ತಕ್ಕಂತೆ ಬಟ್ಟು ಬದಲಿಸಿತು. ನಾವು ಆರಡಿ ತಾತನ ಕೋವಿಯನ್ನು ಐದೂಕಾಲು ಅಡಿಯ ಮೊಮ್ಮಗನ ಕೈಗೆ ಹಾಗೆಯೇ ಕೊಡುತ್ತೇವೆ. ಬಟ್ಟಿನ ಹಿಂಬದಿ ತಗ್ಗಿಸುವುದು, ರಬ್ಬರ್ ಪ್ಯಾಡ್ ಕೂಡಿಸಿ ಏರಿಸುವುದು, ಕೆನ್ನೆಯ ಕಡೆ ತೊಗಲು ಸುತ್ತಿ ಎತ್ತರಿಸುವುದು ಹಳೆಯ ಮರದಲ್ಲೇ ಆಗುವ ಕೆಲಸ.

ಇನ್ನು ಫೈಬರ್. ಅದನ್ನು ಹೊಗಳುವವರ ವಾದ ಮಳೆಯ ಮೇಲೆ ನಿಂತಿದೆ: ನೀರು ಕುಡಿದ ಮರ ಉಬ್ಬಿ ನಳಿಗೆಯನ್ನು ಒತ್ತುತ್ತದೆ, ಗುರಿ ಸರಿಯುತ್ತದೆ. ಕೊಡಗಿನಲ್ಲಿ ಈ ಮಾತಿಗೆ ತೂಕವಿದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಅಲ್ಲಿ ಕೊಡವರಿಗೆ ಪರವಾನಗಿಯ ವಿನಾಯಿತಿ 2029ರವರೆಗೆ ಇದೆ; ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುವುದೂ ಮಳೆ ಇನ್ನೂ ಬಿಡದ ಸೆಪ್ಟೆಂಬರಿನಲ್ಲಿ. ಹೊಸದುರ್ಗದ ಮಳೆ 600 ಮಿ.ಮೀ. ಆಸುಪಾಸು. ನಮ್ಮ ಕೋವಿಯನ್ನು ಕೆಡಿಸುವುದು ಒಣ ಬಿಸಿಲು. ಮರ ಕುಗ್ಗುತ್ತದೆ, ತಿರುಪು ಸಡಿಲಾಗುತ್ತದೆ, ಪ್ರತಿ ಗುಂಡಿಗೂ ಕಬ್ಬಿಣ ಹಿಂದಕ್ಕೆ ಜಾರಿ ಮರವನ್ನು ಗುದ್ದುತ್ತದೆ, ಕೊನೆಗೆ ಹಿಡಿಯ ಬಳಿ ಸೀಳು ಬಿಡುತ್ತದೆ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡಿ ವಾಪಸು ತಂದ ಕೋವಿಯ ತಿರುಪನ್ನು ಮುಟ್ಟಿ ನೋಡಿದವರಿಗೆ ಇದು ಗೊತ್ತು. ಅದೂ ಅಲ್ಲದೆ ಹಗುರ ಫೈಬರ್ ಹಾಕಿದಷ್ಟೂ ಭುಜಕ್ಕೆ ಬೀಳುವ ಪೆಟ್ಟು ಜೋರು. ಹೊರದೇಶದ ಸಿದ್ಧ ಸ್ಟಾಕ್‌ಗಳನ್ನು ರೆಮಿಂಗ್ಟನ್ 700, ಮೌಸರ್ 98ರಂಥ ರೈಫಲ್‌ಗಳ ಅಳತೆಗೆ ಕೊರೆದಿರುತ್ತಾರೆ. ನಮ್ಮ .315ಕ್ಕೆ ಅವನ್ನು ಕೂಡಿಸಲು ಹೊರಟರೆ ಮರಕ್ಕಿಂತ ಹೆಚ್ಚು ಕಬ್ಬಿಣ ಹಾಳಾಗುತ್ತದೆ.

ಮರ ನಳಿಗೆಯನ್ನು ಒತ್ತುತ್ತಿದೆಯೇ ಎಂಬುದನ್ನು ಹತ್ತು ರೂಪಾಯಿ ನೋಟಿನಲ್ಲೇ ನೋಡಬಹುದು. ಖಾಲಿ ಕೋವಿಯ ನಳಿಗೆಗೂ ಮರಕ್ಕೂ ನಡುವೆ ನೋಟು ತೂರಿಸಿ ತುದಿಯಿಂದ ಒಳಕ್ಕೆ ಎಳೆಯುತ್ತ ಹೋಗಿ. ಎಲ್ಲ ರೈಫಲ್‌ನಲ್ಲೂ ಅದು ಸರಾಗ ಹಾಯಲೇಬೇಕೆಂದಿಲ್ಲ. ಎನ್‌ಫೀಲ್ಡ್ ಕುಲದವುಗಳಲ್ಲಿ ಮರದ ತುದಿ ನಳಿಗೆಯನ್ನು ಮೆಲ್ಲಗೆ ಮೇಲಕ್ಕೆತ್ತುವಂತೆಯೇ ಕೂಡಿಸಿರುತ್ತಾರೆ. ಆದರೆ ನೋಟು ಒಂದು ಮಗ್ಗುಲಲ್ಲಿ ಬಿಗಿದು ಇನ್ನೊಂದು ಮಗ್ಗುಲಲ್ಲಿ ಸಡಿಲವಾದರೆ ಮರ ಓರೆಯಾಗಿದೆ ಎಂದರ್ಥ. ಬಲ್ಲ ರಿಪೇರಿಗಾರ ಆ ಜಾಗವನ್ನು ಹೆರೆದು, ಕಬ್ಬಿಣ ಕೂರುವ ಕಡೆ ಎಪಾಕ್ಸಿ ಹಾಕಿ ಸರಿಮಾಡುತ್ತಾನೆ.

ಬೀಟೆಯ ಮೇಲಿನ ಮೋಹ ನನಗೂ ಅರ್ಥವಾಗುತ್ತದೆ. ಅಂಥ ಬಣ್ಣ ಬೇರೆ ಮರಕ್ಕಿಲ್ಲ. ಆದರೆ ಅದು ಅಕ್ರೋಟಿಗಿಂತ ಬಹಳ ಭಾರ, ಎಣ್ಣೆಯಂಶದಿಂದಾಗಿ ಅಂಟು ಹಿಡಿಯುವುದೂ ಕಷ್ಟ. ಶ್ರೀನಗರದ ರೈನಾವಾರಿಯ ಬಂದೂಕು ಕಸುಬಿನವರು ತಲೆಮಾರುಗಳಿಂದ ಅಕ್ರೋಟನ್ನೇ ನಂಬಿದ್ದಾರೆ. ಗಟ್ಟಿಯಾಗಿದ್ದೂ ಹಗುರ, ಒಣಗಿದ ಮೇಲೆ ಸೊಟ್ಟಗಾಗದು. ಯಾವ ಮರವಾದರೂ ಹಿಡಿಯ ಬಳಿ ಎಳೆ ನೇರವಾಗಿ ಉದ್ದಕ್ಕೆ ಓಡಬೇಕು. ಅಲ್ಲಿ ಸುಳಿಸುಳಿಯಾದ ಚೆಂದದ ಎಳೆಯಿದ್ದರೆ ಮರ ಮುರಿಯುವುದು ಅಲ್ಲಿಯೇ.

ಹಿಡಿಯಲ್ಲಿ ಆರಪಾರ ಸೀಳಿದ ಮರ, ಹುಳು ತಿಂದ ಮರ ಎಸೆಯುವಂಥದ್ದೇ, ಅನುಮಾನ ಬೇಡ. ದುರ್ಬೀನು ಕೂಡಿಸಿದ ರೈಫಲ್‌ಗೂ ಎತ್ತರದ ಸ್ಟಾಕ್ ಬೇಕಾಗಬಹುದು, ಏಕೆಂದರೆ ಕಣ್ಣಿನ ಸಾಲು ಮೇಲೇರಿ ಕೆನ್ನೆಗೆ ಆಸರೆ ತಪ್ಪುತ್ತದೆ. ಆದರೆ ಆ ಕೆಲಸವೂ ಊರಿನ ಬಡಗಿಯದಲ್ಲ, ಅವನ ಕೈ ಎಷ್ಟೇ ಪಳಗಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಕೋವಿ ರಿಪೇರಿಗೂ ಪರವಾನಗಿ ಇರಬೇಕು. ಪರವಾನಗಿಯಿರುವ ಅಂಗಡಿಗೆ ಹೋಗುವಾಗ ಕೋವಿಯ ಜೊತೆ ಲೈಸೆನ್ಸ್ ಪುಸ್ತಕ ಒಯ್ಯಿರಿ, ರಾತ್ರಿ ಹೊದೆಯುವ ಕಂಬಳಿಯನ್ನೂ ಒಯ್ಯಿರಿ. ಅದನ್ನು ಹೊದ್ದುಕೊಂಡೇ ಅಳತೆ ಕೊಡಿ.