‘ಸಾಕು’ ಎಂದರೆ ಸಾಕು

“ನೀವಾದರೂ ಸ್ವಲ್ಪ ಬುದ್ಧಿ ಹೇಳಿ ಡಾಕ್ಟ್ರೇ, ಎರಡು ತುತ್ತು ತಿಂದು ಎದ್ದುಬಿಡ್ತಾಳೆ!” ಎನ್.ಆರ್. ಕಾಲೋನಿಯ ನನ್ನ ಕ್ಲಿನಿಕ್ಕಿಗೆ ಸೊಸೆಯನ್ನು ಕರೆತಂದ ಅತ್ತೆಯೊಬ್ಬರ ದೂರು ಇದು. ಸೊಸೆಗೆ ನಲವತ್ತೈದರ ಸುಮಾರು. ಅತಿಯಾದ ತೂಕಕ್ಕೆ ಸಕ್ಕರೆ ಕಾಯಿಲೆಯೂ ಮಂಡಿನೋವೂ ಜೊತೆಗೂಡಿದ ಮೇಲೆ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂರು ತಿಂಗಳಾಗಿತ್ತು. ಹಿಂದಿನ ಭಾನುವಾರ ನೆಂಟರ ಗೃಹಪ್ರವೇಶದಲ್ಲಿ ಎಲ್ಲರ ಬಲವಂತಕ್ಕೆ ಒಂದಿಷ್ಟು ಹೆಚ್ಚು ತಿಂದು, ಎದೆ ಒತ್ತಿದಂತಾಗಿ ಪಂಕ್ತಿಯಲ್ಲೇ ವಾಂತಿ ಮಾಡಿಕೊಂಡಿದ್ದರು. ಆಕೆಗೆ ಸಂಕಟಕ್ಕಿಂತ ಅವಮಾನವೇ ದೊಡ್ಡದಾಗಿತ್ತು.

ಶಸ್ತ್ರಚಿಕಿತ್ಸೆಯಲ್ಲಿ ಯಾವ ಲೋಪವೂ ಇರಲಿಲ್ಲ. ಆದರೆ ಊಟದ ಸೂಚನೆಗಳು ತಲುಪಿದ್ದು ರೋಗಿಯ ಕೈಗೆ ಮಾತ್ರ. ಅಡುಗೆ ಮಾಡುವವರಿಗೆ, ಬಡಿಸುವವರಿಗೆ ಯಾರೂ ಏನೂ ಹೇಳಿರಲಿಲ್ಲ. ಕತ್ತರಿ ಬೀಳುವುದು ಒಬ್ಬರ ಜಠರಕ್ಕಾದರೂ ಹೊಂದಿಕೊಳ್ಳಬೇಕಾದದ್ದು ಇಡೀ ಮನೆ ಎಂಬುದು ನನ್ನ ಅಭಿಪ್ರಾಯ.

ಈ ಚಿಕಿತ್ಸೆಯಲ್ಲಿ ನಡೆಯುವುದಿಷ್ಟು. ‘ಸ್ಲೀವ್’ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು, ಬಾಳೆಕಾಯಿಯಂಥ ಒಂದು ಕೊಳವೆಯನ್ನು ಉಳಿಸುತ್ತಾರೆ. ಅದರಲ್ಲಿ ಹಿಡಿಸುವುದು ಆರಂಭದಲ್ಲಿ ಸುಮಾರು 100ರಿಂದ 150 ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದು ಲೋಟ ಕಾಫಿಯಷ್ಟು. ‘ಬೈಪಾಸ್’ ವಿಧಾನದಲ್ಲಿ ಇನ್ನೂ ಚಿಕ್ಕ ಚೀಲವನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇಂಥವರು ಸಿಹಿ ತಿಂದರೆ ಅದು ಒಮ್ಮೆಲೇ ಕರುಳಿಗೆ ಇಳಿದು ಎದೆಬಡಿತ, ಬೆವರು, ಭೇದಿ ಕಾಣಿಸಿಕೊಳ್ಳಬಹುದು. ಒಂದು ಹೋಳಿಗೆಯ ಉಪಚಾರವೂ ಅವರಿಗೆ ಶಿಕ್ಷೆಯಾಗಬಲ್ಲದು.

ಹಸಿವೆಯ ಕಥೆ ಇನ್ನೂ ವಿಚಿತ್ರ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ‘ಗ್ರೆಲಿನ್’ ಎಂಬ ಹಾರ್ಮೋನು ಹಸಿವನ್ನು ಕೆರಳಿಸುತ್ತದೆ. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಚಿಕಿತ್ಸೆಯಲ್ಲಿ ಆ ಭಾಗವೇ ಹೋಗುವುದರಿಂದ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೇ ತಿಳಿಯುವುದಿಲ್ಲ. ಇದು ಕಾಯಿಲೆಯಲ್ಲ. ಹಾಗೆಂದು ಊಟ ಬಿಡುವಂತೆಯೂ ಇಲ್ಲ. ಈ ಅವಧಿಯಲ್ಲಿ ಹೊಟ್ಟೆಯನ್ನಲ್ಲ, ಗಡಿಯಾರವನ್ನು ನೋಡಿ ಉಣ್ಣಬೇಕು. ಸಣ್ಣ ತುತ್ತು, ನಿಧಾನವಾಗಿ ಅಗಿಯುವುದು, ಊಟದ ಜೊತೆಗೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು, ಇವು ರೂಢಿಯಾಗಬೇಕು.

ಚಿಕ್ಕ ಜಾಗದಲ್ಲಿ ಏನನ್ನು ತುಂಬಬೇಕೆಂಬುದು ಮುಖ್ಯ ಪ್ರಶ್ನೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕು. ನಮ್ಮ ತಿಳಿಸಾರು ಅನ್ನದಿಂದ ಅದು ಒದಗದು. ಹುಳಿಯ ತಳದಲ್ಲಿರುವ ಬೇಳೆ, ಗಟ್ಟಿ ಮೊಸರು, ಪನೀರು, ಸೋಯಾ, ತಿನ್ನುವವರಿಗೆ ಮೊಟ್ಟೆ ಮೊದಲು ಬರಬೇಕು, ಅನ್ನ ಕೊನೆಗೆ. ಬಿ-12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ಜೀವನಪೂರ್ತಿ ತೆಗೆದುಕೊಳ್ಳಬೇಕು. ಸಸ್ಯಾಹಾರಿಗಳಿಗೆ ಬಿ-12 ಮೊದಲೇ ಕಡಿಮೆ. ಸಕ್ಕರೆ ಕಾಯಿಲೆಯ ಹಳೆಯ ಪ್ರಮಾಣದ ಔಷಧವನ್ನೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ, ಕಾಲು ಜೋಮು ಹಿಡಿದರೆ, ನಡಿಗೆ ತೂರಾಡಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅದು ಬಿ-1 ಜೀವಸತ್ವದ ಕೊರತೆ ಇರಬಹುದು. ತಡವಾದರೆ ನರಗಳಿಗೆ ಶಾಶ್ವತ ಹಾನಿ.

ಒಂದೂವರೆ ವರ್ಷದ ನಂತರ ಅದೇ ಸೊಸೆ ಒಬ್ಬರೇ ಬಂದರು. ಬಾಗಿಲು ಮುಚ್ಚಿಕೊಂಡು, “ಡಾಕ್ಟ್ರೇ, ಹಸಿವು ವಾಪಸ್ಸು ಬಂದಿದೆ. ಮನೆಯಲ್ಲಿ ಹೇಳಿಲ್ಲ. ಇಷ್ಟು ಖರ್ಚು ಮಾಡಿಸಿ ಹೀಗಾಯಿತಲ್ಲ” ಎಂದು ಕಣ್ಣೀರು ಹಾಕಿದರು. ಎರಡು ಕಿಲೋ ತೂಕ ಏರಿತ್ತು. ಆ ಭಯಕ್ಕೆ ಆಸ್ಪತ್ರೆಯ ತಪಾಸಣೆಯನ್ನೇ ತಪ್ಪಿಸಿಕೊಂಡಿದ್ದರು.

ನಾನು ಹೇಳಿದ್ದಿಷ್ಟೇ: ಹಸಿವು ಮರಳುವುದು ಸೋಲಲ್ಲ, ದೇಹದ ಸ್ವಭಾವ. ಕಳೆದುಕೊಂಡ ತೂಕದಲ್ಲಿ ಸ್ವಲ್ಪ ಮರಳುವುದೂ ಸಾಮಾನ್ಯ. ಆದರೆ ಹೊಟ್ಟೆಯ ಹಸಿವು ಯಾವುದು, ಬಾಯಿಯ ಹಸಿವು ಯಾವುದು ಎಂದು ಬೇರ್ಪಡಿಸಿ ನೋಡಬೇಕು. ಬರೀ ಬೇಯಿಸಿದ ಬೇಳೆ ಕೊಟ್ಟರೂ ತಿನ್ನಬೇಕೆನಿಸಿದರೆ ಅದು ಹೊಟ್ಟೆಯ ಹಸಿವು, ಉಣ್ಣಿ. ಕೋಡುಬಳೆಯೇ ಬೇಕೆನಿಸಿದರೆ ಅದು ಬೇಸರವೋ, ಹಳೆಯ ಅಭ್ಯಾಸವೋ, ಮನಸ್ಸಿನ ನೋವೋ ಇರಬಹುದು. ಐಸ್‌ಕ್ರೀಂ, ಹಣ್ಣಿನ ರಸ, ಮಿಕ್ಸ್‌ಚರ್ ಇವೆಲ್ಲ ಚಿಕ್ಕ ಜಠರದಲ್ಲೂ ಸಲೀಸಾಗಿ ಜಾರುತ್ತವೆ. ಕತ್ತರಿ ಅವುಗಳನ್ನು ತಡೆಯಲಾರದು. ಆಕೆಯ ವಿಷಯದಲ್ಲಿ ಸಂಜೆಯ ತಿಂಡಿಯ ಡಬ್ಬಿಗಳು ಅಡುಗೆಮನೆಯಲ್ಲಿ ಮೊದಲಿನಂತೆಯೇ ಸಾಲಾಗಿ ಕೂತಿದ್ದವು.

ಆದ್ದರಿಂದ ಆಸ್ಪತ್ರೆಗಳಲ್ಲಿ ನನ್ನದೊಂದು ವಿನಂತಿ. ಶಸ್ತ್ರಚಿಕಿತ್ಸೆಗೆ ಮೊದಲು ಸಹಿ ಹಾಕಿಸಿಕೊಳ್ಳಲು ಗಂಡನನ್ನೋ ಮಗನನ್ನೋ ಕರೆಸುತ್ತೀರಿ. ಅಡುಗೆ ಮಾಡುವವರನ್ನೂ ಕರೆಸಿ ಅರ್ಧ ಗಂಟೆ ಮಾತನಾಡಿ. ಅಡುಗೆ ಮಾಡುವವರೇ ರೋಗಿಯಾಗಿದ್ದರೆ ಮನೆಯವರೆಲ್ಲರನ್ನೂ ಕೂರಿಸಿಕೊಳ್ಳಿ. ದಿನಕ್ಕೆ ಮೂರು ಹೊತ್ತು ಉಳಿದವರಿಗೆ ಬೇಯಿಸಿ, ರುಚಿ ನೋಡಿ, ಬಡಿಸಿ, ತಾನು ಮಾತ್ರ ಕೈ ಬಿಗಿಹಿಡಿಯುವುದು ಎಷ್ಟು ಕಷ್ಟವೆಂದು ಅವರಿಗೂ ತಿಳಿಯಲಿ.

ನಮ್ಮ ಮನೆಗಳಲ್ಲಿ ‘ಸಾಕು’ ಎಂಬುದು ಸಂಕೋಚದ ಮಾತು. ಕೇಳಿಸಿಕೊಂಡೂ ಇನ್ನೊಂದು ಸೌಟು ಹಾಕುವುದೇ ಪ್ರೀತಿ ಎಂದು ನಂಬಿದ್ದೇವೆ. ಮುಂದಿನ ಸಲ ಬಡಿಸಲು ಹೋದಾಗ ಯಾರಾದರೂ ಎಲೆಗೆ ಕೈ ಅಡ್ಡ ಹಿಡಿದರೆ, ಕಾರಣ ಕೇಳಬೇಡಿ. ನಗುತ್ತಾ ಪಕ್ಕದ ಎಲೆಗೆ ಹೋಗಿ.