ಒಲೆ ಆರಿದ ಮೇಲೆ

ತೊಟ್ಟಿಮನೆ ಬಿದ್ದರೆ ಮಳೆಯನ್ನು ದೂರುತ್ತೇವೆ. ಆದರೆ ಮಲೆನಾಡಿನ ಮನೆಗಳು ತಲೆಮಾರುಗಟ್ಟಲೆ ಮಳೆಗೆ ಮೈಯೊಡ್ಡಿ ನಿಂತವು. ಅವು ಕುಸಿಯತೊಡಗಿದ್ದು ಒಲೆ ಆರಿದ ಮೇಲೆ.

ಸೌದೆ ಒಲೆಯ ಹೊಗೆ ಅಟ್ಟ ಹತ್ತಿ ಹೆಂಚಿನ ಸಂದಿಯಿಂದ ಆಚೆ ಹೋಗುವಾಗ ಮರದ ತೇವ ಎಳೆದು, ಮಸಿ ಮೆತ್ತಿ, ಹುಳುವನ್ನು ದೂರ ಇಡುತ್ತಿತ್ತು. ಮಳೆ ಹಿಡಿಯುವ ಮೊದಲು ಯಾರಾದರೂ ಮಾಡು ಹತ್ತಿ ಹೆಂಚು ಕೈಯಾಡಿಸುತ್ತಿದ್ದರು. ಅದು ಒಂದು ವರ್ಷ ತಪ್ಪಲಿ: ಜಾರಿದ ಹೆಂಚಿನಡಿ ಪಕಾಸಿ ಕಪ್ಪಾಗುತ್ತದೆ. ಆಮೇಲೆ ಅಲ್ಲಿ ಬೆರಳೊತ್ತಿದರೆ ನೆನೆದ ಅವಲಕ್ಕಿಯಂತೆ ಮೆತ್ತಗೆ. ನೆತ್ತಿ ನೆನೆದ ಮಣ್ಣಿನ ಗೋಡೆ ಇನ್ನೆಷ್ಟು ದಿನ ನಿಂತೀತು?

ಮನೆಯನ್ನು ಹೀಗೆ ಕಾಯ್ದ ದುಡಿಮೆ ಯಾರದ್ದು ಎಂಬುದನ್ನೂ ಹೇಳಬೇಕು. ದೊಡ್ಡ ಮನೆಗಳ ಕಣಜ ತುಂಬುತ್ತಿದ್ದುದು ಗೇಣಿಯ ಭತ್ತದಿಂದ. ಅಲ್ಲಿ ಮೈಮುರಿದ ಎಷ್ಟೋ ಮಂದಿಗೆ ಜಗಲಿ ಹತ್ತುವ ಹಕ್ಕಿರಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ಉಳುವವನನ್ನು ಹೊಲದೊಡೆಯನಾಗಿಸಿತು. ಆಗಲೇಬೇಕಿದ್ದ ನ್ಯಾಯ ಅದು. ಗೇಣಿ ನಿಂತಿತು, ಮಕ್ಕಳು ಪಟ್ಟಣ ಸೇರಿದರು, ಪಾಲಾದಾಗ ಅಂಗಳದ ನಡುವೆ ಗೋಡೆ ಎದ್ದಿತು; ಒಲೆ ಆರಿದ್ದು ಹೀಗೆ. ಆದರೂ ಹಳೆಯ ಮನೆಯ ಮೇಲಿನ ಪ್ರೀತಿ ಹಳೆಯ ಯಜಮಾನಿಕೆಯ ಹಂಬಲ ಆಗಕೂಡದು. ಕಂಬದ ಕೆತ್ತನೆ ತೋರಿಸುವವರು ಆಳುಗಳು ನಿಲ್ಲುತ್ತಿದ್ದ ಜಾಗವನ್ನೂ ತೋರಿಸಬೇಕು.

ಕೆಲವು ಮನೆಗಳು ಉಳಿದದ್ದೂ ಉಂಟು. ವಿಜಯನಾಥ ಶೆಣೈ ಅವರು ಅಳಿಯಲಿದ್ದ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಕಟ್ಟಿಸಿದರು. ಕೆತ್ತನೆ, ಜೋಡಣೆ ಉಳಿದವು. ಗದ್ದೆ, ಬಾವಿ ಊರಲ್ಲೇ ಉಳಿದವು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆ ತನ್ನ ನೆಲದಲ್ಲೇ ಇದೆ, ಹತ್ತಿರದ ಗುಡ್ಡದಲ್ಲಿ ಕವಿಶೈಲವೂ ಇದೆ. ಆದರೆ ಅದಕ್ಕೆ ಮಹಾಕವಿಯ ಹೆಸರಿತ್ತು, ನೋಡಿಕೊಳ್ಳಲು ಪ್ರತಿಷ್ಠಾನವಿತ್ತು. ಹೆಸರಿಲ್ಲದ ಸಾವಿರಾರು ಮನೆಗಳಿಗೆ ಯಾರಿದ್ದಾರೆ?

ಒಮ್ಮೆಗೇ ಹಣ ಸುರಿದು ಜೀರ್ಣೋದ್ಧಾರ ಮಾಡಿ ಬೀಗ ಜಡಿಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಅವಸರದ ದುರಸ್ತಿ ಮನೆಗೇ ಕುತ್ತು: ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಸಡಿಲವಾಗುತ್ತದೆ, ಸುಣ್ಣವಾದರೆ ಉಸಿರಾಡಲು ಬಿಡುತ್ತದೆ. ಇದನ್ನು ಬಲ್ಲ ಗಾರೆಯವರು, ಬಡಗಿಗಳು ಊರಲ್ಲಿ ಕಡಿಮೆಯಾಗುತ್ತಿದ್ದಾರೆ. ಸರ್ಕಾರವಾಗಲಿ, ಊರವರಾಗಲಿ ವರ್ಷವರ್ಷವೂ ಸಣ್ಣ ಮೊತ್ತ ಎತ್ತಿಟ್ಟು ಇವರ ಕೈಗೆ ಮರ್ಯಾದೆಯ ಕೂಲಿ ಕೊಡಲಿ. ಮನೆಯವರಿಲ್ಲದಿದ್ದರೆ ಅಲ್ಲಿ ವಾಚನಾಲಯ ನಡೆಯಲಿ, ಮಹಿಳಾ ಸಂಘದವರು ಹಪ್ಪಳ ಮಾಡಲಿ. ಒಳಗೆ ಜನ ಓಡಾಡುತ್ತಿರಬೇಕು. ಮೇ ಮುಗಿಯುವುದರೊಳಗೆ ಒಬ್ಬರಾದರೂ ಮಾಡಿನ ಮೇಲೆ ಕೂತು, ಜಾರಿದ ಹೆಂಚನ್ನು ಅದರ ಜಾಗಕ್ಕೆ ಎಳೆಯುತ್ತಿರಬೇಕು.