ಹೆಸರಿನ ಕಥೆ ಕೇಳುವ ಮುನ್ನ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹೊಸ ಸೆಮಿಸ್ಟರಿನ ಮೊದಲ ತರಗತಿಗೆ ಒಂದು ವಿಧಿಯಿದೆ. ಕುರ್ಚಿಗಳನ್ನು ವೃತ್ತಾಕಾರವಾಗಿ ಎಳೆದುಕೊಂಡು ಎಲ್ಲರೂ ಕೂರುತ್ತಾರೆ; ‘ಐಸ್‌ಬ್ರೇಕರ್’ ಆರಂಭವಾಗುತ್ತದೆ. ಎರಡು ನಿಜ, ಒಂದು ಸುಳ್ಳು ಹೇಳಿ. ನಿಮ್ಮ ಹೆಸರಿನ ಹಿಂದಿನ ಕಥೆ ಹೇಳಿ. ನಿಮ್ಮ ಮನೆಯ ಹಬ್ಬದ ಅಡುಗೆ ಯಾವುದು, ಹೇಳಿ. ಕಂಪನಿಗಳ ತಂಡಗಳಲ್ಲೂ ಇದೇ ಆಟ. ಅಪರಿಚಿತರ ನಡುವಿನ ಸಂಕೋಚ ಕರಗಲೆಂಬ ಉದ್ದೇಶ ಒಳ್ಳೆಯದೇ. ಆದರೆ ಅದು ಯಾರ ಖರ್ಚಿನಲ್ಲಿ ಕರಗುತ್ತದೆ ಎಂಬ ಪ್ರಶ್ನೆಯನ್ನು ಆಟ ಆಡಿಸುವವರು ಕೇಳಿಕೊಳ್ಳುವುದಿಲ್ಲ.

ಅಡ್ಡಹೆಸರು, ಊರು, ಊಟ: ಈ ಮೂರರಿಂದ ಜಾತಿಯನ್ನು ಪತ್ತೆಹಚ್ಚುವ ವಿದ್ಯೆಯನ್ನು ಭಾರತೀಯ ವಲಸಿಗರು ಕಡಲು ದಾಟಿದ ಮೇಲೂ ಮರೆತಿಲ್ಲ. ಸವರ್ಣ ವಿದ್ಯಾರ್ಥಿಯೊಬ್ಬ ಅಜ್ಜನ ಹೆಸರು, ಅಗ್ರಹಾರದ ಮನೆ, ಯುಗಾದಿಯ ಹೋಳಿಗೆಯ ಕಥೆಯನ್ನು ನಗುನಗುತ್ತಾ ಹೇಳಬಲ್ಲ. ಪಕ್ಕದಲ್ಲಿ ಕುಳಿತ ದಲಿತ ವಿದ್ಯಾರ್ಥಿನಿ ಅಷ್ಟು ಹೊತ್ತೂ ಏನನ್ನು ಮುಚ್ಚಿಡಬೇಕೆಂದು ಲೆಕ್ಕ ಹಾಕುತ್ತಿರಬೇಕಾಗುತ್ತದೆ. ಅವನಿಗೆ ಆಟ, ಅವಳಿಗೆ ವಿಚಾರಣೆ. ಈ ಆತಂಕ ಕಲ್ಪಿತವಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ತನ್ನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನು ಸೇರಿಸಿತು. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಶಾಸಕಾಂಗ ಒಪ್ಪಿದ ಮಸೂದೆಗೆ ಗವರ್ನರ್ ಗ್ಯಾವಿನ್ ನ್ಯೂಸಮ್ ಅಂಕಿತ ನಿರಾಕರಿಸಿದರು.

ಆಟದ ಸಮರ್ಥಕರು ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ, 36 ಪ್ರಶ್ನೆಗಳ ಪ್ರಯೋಗವನ್ನು ಮುಂದಿಡಬಹುದು. ಅಲ್ಲಿ ಇಬ್ಬಿಬ್ಬರೇ ಎದುರುಬದುರು ಕುಳಿತಿದ್ದರು, ಇಬ್ಬರೂ ಉತ್ತರಿಸುತ್ತಿದ್ದರು, ಪ್ರಶ್ನೆಗಳು ಮೆಲ್ಲನೆ ಆಳಕ್ಕಿಳಿಯುತ್ತಿದ್ದವು. ಅಂಕ ಕೊಡುವವರ ಮುಂದೆ, ಬಡ್ತಿ ಕೊಡುವವರ ಮುಂದೆ, ತುಂಬಿದ ಕೋಣೆಯಲ್ಲಿ ಒಂದೇ ನಿಮಿಷದಲ್ಲಿ ಬದುಕನ್ನು ತೆರೆದಿಡುವುದು ಅದಲ್ಲ. ಪ್ರಶ್ನೆಗಳನ್ನು ಎರವಲು ಪಡೆದವರು ಷರತ್ತುಗಳನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಆಟವೇ ಬೇಡವೆಂದರೆ ಹೊಸಬರು ಮೂಲೆಗುಂಪಾಗುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ 1971ರಷ್ಟು ಹಿಂದೆಯೇ ದೊರೆತಿದೆ. ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಲ್ಲಿ ವರ್ಣಭೇದ ಕೊನೆಗೊಂಡು, ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ಕೋಣೆಯಲ್ಲಿ ಸೆಣಸುತ್ತಿದ್ದಾಗ ಎಲಿಯಟ್ ಆರನ್ಸನ್ ‘ಜಿಗ್ಸಾ’ ತರಗತಿಯನ್ನು ರೂಪಿಸಿದರು. ಪಾಠವನ್ನು ತುಂಡು ಮಾಡಿ ಪ್ರತಿ ಮಗುವಿಗೂ ಒಂದೊಂದು ತುಂಡು ಕೊಡಲಾಯಿತು; ಉಳಿದವರ ಮಾತಿಗೆ ಕಿವಿಗೊಡದೆ ಯಾರಿಗೂ ಪೂರ್ತಿ ಪಾಠ ದಕ್ಕುತ್ತಿರಲಿಲ್ಲ. ಯಾರ ಮನೆಯ ಗುಟ್ಟನ್ನೂ ಕೇಳಬೇಕಾಗಿರಲಿಲ್ಲ. ಪರಸ್ಪರರ ಅಗತ್ಯವೇ ಗೌರವಕ್ಕೆ ದಾರಿಯಾಯಿತು.

ಪರಿಚಯ ಕೆಲಸದಿಂದ ಆರಂಭವಾಗಲಿ: ಈ ವಿಷಯದಲ್ಲಿ ನಿಮ್ಮನ್ನು ಕಾಡುವ ಪ್ರಶ್ನೆ ಯಾವುದು ಎಂದು ಕೇಳಲಿ. ಅಧಿಕಾರವಿರುವವರು ಮೊದಲು ಉತ್ತರಿಸಲಿ. ಕಾರಣ ಹೇಳದೆ ಸುಮ್ಮನಿರುವ ಹಕ್ಕು ಎಲ್ಲರಿಗೂ ಇರಲಿ. ತನ್ನ ಕಥೆಯನ್ನು ಯಾವಾಗ, ಯಾರಿಗೆ ಹೇಳಬೇಕೆಂಬುದು ಆ ವಿದ್ಯಾರ್ಥಿನಿಯ ತೀರ್ಮಾನ. ನಂಬಿಕೆ ಹುಟ್ಟಿದ ದಿನ ಅವಳೇ ಹೇಳಿಯಾಳು; ಹೇಳದಿದ್ದರೂ ಅವಳು ತರಗತಿಯವಳೇ.